ಹಿತ್ತಲಿನಲ್ಲಿ ಕನಕಾಂಬರದ ಬೇಸಾಯ

ಬೆಂಗಳೂರು ಸೀಮೆಯ ಸ್ತ್ರೀಯರು ಮುಡಿಯುವ ಹೂಗಳಲ್ಲಿ ಮಲ್ಲಿಗೆಯೊಡನೆ ಸದಾ ಕಾಣಬರುವುದು ಕನಕಾಂಬರ. ಇದಕ್ಕೆ ಸುವಾಸನೆಯಿಲ್ಲ. ಆದುದರಿಂದ ಬಣ್ಣಕ್ಕಾಗಿ ಇದನ್ನೂ, ಸುವಾಸನೆಗಾಗಿ ಮಲ್ಲಿಗೆ ಮರುಗಗಳನ್ನೂ ಸೇರಿಸಿ ದಂಡೆ ಕಟ್ಟುವುದು ಬಹುಕಾಲದ ವಾಡಿಕೆ. ಹೂವು ಬಲು ಹಗುರವಾದುದರಿಂದ ಎಷ್ಟು ಮುಡಿದರೂ ಭಾರವೆನಿಸದು. ಕೊಯ್ದ ದಿನವೇ ಬಾಡಿಹೋಗುವುದೂ ಇಲ್ಲ. ಕರಾವಳಿಯ ಕಡೆ ಇದನ್ನು ಅಬ್ಬಲಿಗೆ ಎಂದು ಕರೆಯುವರು.

ಬೆಂಗಳೂರಿನ ವಾಯವ್ಯದಲ್ಲಿರುವ ಜಾಲಹಳ್ಳಿಯು ಮೊದಲು ಹೊಲ ತೋಟಗಳ ನಡುವಣ ಗ್ರಾಮವಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಲ್ಲಿ ಇಟಲಿಯ ಯುದ್ಧ ಕೈದಿಗಳ ಶಿಬಿರವಿದ್ದಿತು. 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಎಂಬ ದೊಡ್ಡ ಕಾರ್ಖಾನೆಗಳು ಸ್ಥಾಪಿತವಾದ ಮೇಲೆ ಸುತ್ತಣ ಹೊಲಗಳು ಕ್ರಮವಾಗಿ ಮನೆ ನಿವೇಶನಗಳಾದುವು. ಇಂತಹ ಊರುಗಳಲ್ಲಿ ಎಕರೆಗಟ್ಟಲೆ ಬೇಸಾಯಕ್ಕೆ ಈಗ ಅವಕಾಶವು ಕಡಿಮೆ. ಆದರೆ ಮನೆಯ ಹಿಂದೆ ಒಂದೆರಡು ಮಡಿಗಳಷ್ಟು ನೆಲವನ್ನು ಉಳಿಸಿಕೊಂಡವರು ಉಂಟು. ಆ ಸ್ವಲ್ಪ ನೆಲಕ್ಕೆ ಒಪ್ಪುವ ದೇಶೀಯ ಹೂಗಿಡಗಳಲ್ಲಿ ಕನಕಾಂಬರವು ಮುಖ್ಯವಾದುದು.

ಹೀಗಿದ್ದರೂ ಹಿತ್ತಲಿನ ಕನಕಾಂಬರದ ಕಥೆಯು ಅನೇಕ ಕಡೆ ಒಂದೇ ಬಗೆಯಾಗಿ ಮುಗಿಯುವುದು. ನೆಟ್ಟ ಮೊದಲನೆಯ ವರ್ಷ ಗಿಡವು ಸೊಂಪಾಗಿ ಬೆಳೆದು ಹೂ ಬಿಡುವುದು. ಮರು ವರ್ಷದ ಮಳೆಗಾಲದಲ್ಲಿ ಎಲೆಗಳು ಬಿಳಿಚಿಕೊಂಡು, ಜೋಲುಬಿದ್ದು, ಗಿಡವು ಕೆಲವು ದಿನಗಳಲ್ಲಿ ಸಾಯುವುದು. ಮನೆಯವರು ನೀರು ಸಾಲದೆ ಹೋಯಿತೆಂದು ತಿಳಿದು ಮತ್ತಷ್ಟು ನೀರು ಹಾಕುವರು. ಸತ್ತ ಗಿಡವನ್ನು ಕಿತ್ತು ಅದೇ ಗುಂಡಿಯಲ್ಲಿ ಮತ್ತೊಂದನ್ನು ನೆಡುವರು, ಅದೂ ಸಾಯುವುದು. ಕೊನೆಗೆ, ಈ ಮನೆಗೆ ಕನಕಾಂಬರವು ಬಾರದು ಎಂದು ನಿಶ್ಚಯಿಸಿ ಬಿಟ್ಟುಬಿಡುವರು. ಇದು ಮನೆಯ ದೋಷವೂ ಅಲ್ಲ, ಕೈಗುಣದ ದೋಷವೂ ಅಲ್ಲ. ಕನಕಾಂಬರದ ಬೇಸಾಯವೆಂದರೆ ಮುಖ್ಯವಾಗಿ ಅದರ ಬೇರನ್ನು ಕಾಪಾಡುವ ಬೇಸಾಯ. ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಕ್ರಮಗಳೆಲ್ಲವೂ ತಾವಾಗಿ ಅರ್ಥವಾಗುವುವು.

ಗಿಡದ ಸ್ವಭಾವ

ಸೇವಂತಿಗೆಯು ಚೀನಾ ದೇಶದಿಂದ ಬಂದುದು. ಚೆಂಡುಹೂವು, ಸುಗಂಧರಾಜ ಇವೆರಡೂ ಮೆಕ್ಸಿಕೋ ದೇಶದವು. ಕನಕಾಂಬರವಾದರೋ ದಕ್ಷಿಣ ಭಾರತ ಮತ್ತು ಶ್ರೀಲಂಕೆಯ ನೆಲದಲ್ಲಿ ಸಹಜವಾಗಿ ಬೆಳೆಯತಕ್ಕ ಗಿಡ. ಸಸ್ಯಶಾಸ್ತ್ರಜ್ಞರು ಇದನ್ನು ಕ್ರಾಸಾಂಡ್ರಾ ಇನ್‌ಫಂಡಿಬುಲಿಫಾರ್ಮಿಸ್ ಎಂದು ಕರೆದಿದ್ದಾರೆ. ಮೊದಲನೆಯ ಪದಕ್ಕೆ ಗ್ರೀಕ್ ಭಾಷೆಯಲ್ಲಿ ಅಂಚುಕಟ್ಟಿದ ಕೇಸರವುಳ್ಳದ್ದು ಎಂದೂ, ಎರಡನೆಯದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಲಾಳಿಕೆಯ ಆಕಾರವುಳ್ಳದ್ದು ಎಂದೂ ಅರ್ಥ. ಆಡುಸೋಗೆ ಮತ್ತು ಸ್ಫಟಿಕದ ಗಿಡಗಳೂ ಇದರ ಕುಟುಂಬಕ್ಕೆ ಸೇರಿದುವು.

ಗಿಡವು ಒಂದರಿಂದ ಮೂರು ಅಡಿ ಎತ್ತರ ಬೆಳೆಯುವುದು. ಹೂಗಳು ತೆನೆಯ ರೂಪದಲ್ಲಿ ಬರುವುವು. ತೆನೆಯ ಬುಡದಿಂದ ಮೊದಲಾಗಿ ದಿನದಿನಕ್ಕೆ ಮೇಲಿನ ಹೂಗಳು ಅರಳುತ್ತ ಹೋಗಿ ಎರಡು ಮೂರು ವಾರಗಳಲ್ಲಿ ತೆನೆಯು ಮುಗಿಯುವುದು. ತರುವಾಯ ಅದರಲ್ಲಿ ಚಿಕ್ಕ ಕಾಯಿಗಳು ನಿಲ್ಲುವುವು. ಒಂದೊಂದು ಕಾಯಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬೀಜಗಳಿರುವುವು. ಒಣಗಿದ ಕಾಯಿಗೆ ನೀರು ತಗುಲಿದೊಡನೆ ಅದು ಚಟ್ಟನೆ ಒಡೆದು ಬೀಜಗಳನ್ನು ದೂರಕ್ಕೆ ಸಿಡಿಸುವುದು. ಇಂಗ್ಲಿಷರು ಈ ಗಿಡಕ್ಕೆ ಪಟಾಕಿ ಹೂವೆಂಬ ಅರ್ಥದ ಹೆಸರನ್ನಿಟ್ಟಿರುವುದು ಇದಕ್ಕಾಗಿಯೇ.

ಈ ಸ್ವಭಾವದಲ್ಲಿ ಬೇಸಾಯಗಾರನಿಗೆ ಒಂದು ಪಾಠವಿದೆ. ಬೀಜವು ಮಳೆ ಬಿದ್ದಾಗ ಸಿಡಿದು ತಾಯಿ ಗಿಡದಿಂದ ದೂರದಲ್ಲಿ, ಹೊಸ ಮಣ್ಣಿನಲ್ಲಿ ಮೊಳೆಯುವುದು. ತಾಯಿ ಗಿಡದ ಬುಡದಲ್ಲಿ ಸೇರಿಕೊಂಡ ರೋಗವು ಆ ಸಸಿಗೆ ಸುಲಭವಾಗಿ ತಟ್ಟದು. ಹಿತ್ತಲಿನಲ್ಲಿಯಾದರೋ ಮನುಷ್ಯನು ಅದನ್ನು ವರ್ಷವರ್ಷವೂ ಒಂದೇ ಮೂಲೆಯಲ್ಲಿ, ಒಂದೇ ಮಣ್ಣಿನಲ್ಲಿ ನೆಡುತ್ತಾನೆ. ಪ್ರಕೃತಿಯು ಮಾಡುತ್ತಿದ್ದ ಸ್ಥಳ ಬದಲಾವಣೆಯನ್ನು ಇಲ್ಲಿ ಬೇಸಾಯಗಾರನೇ ಮಾಡಬೇಕಾಗುವುದು.

ತಳಿಗಳು

ಹಿತ್ತಲುಗಳಲ್ಲಿ ಕಾಣುವ ಕನಕಾಂಬರವನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಬೀಜ ಕಟ್ಟುವ ನಾಟಿ ತಳಿ. ಇದರಲ್ಲಿ ಕೇಸರಿ ಬಣ್ಣದ್ದೂ ಹಳದಿ ಬಣ್ಣದ್ದೂ ಉಂಟು. ಎರಡನೆಯದು ದೆಹಲಿ ಕನಕಾಂಬರವೆಂದು ಹೆಸರಾದುದು. ಇದರ ಹೂವು ದೊಡ್ಡದು, ಬಣ್ಣವು ಗಾಢವಾದುದು, ಇಳುವರಿಯೂ ಹೆಚ್ಚು. ಆದುದರಿಂದ ಮಾರುಕಟ್ಟೆಯಲ್ಲಿ ಇದಕ್ಕೆ ಮನ್ನಣೆಯು ಅಧಿಕ.

ದೆಹಲಿ ಕನಕಾಂಬರವು ಬೀಜ ಕಟ್ಟುವುದಿಲ್ಲ. ಕಾರಣವೇನೆಂದರೆ, ಸಾಮಾನ್ಯ ಗಿಡಗಳ ಕೋಶದಲ್ಲಿ ವರ್ಣತಂತುಗಳು ಸರಿಸಂಖ್ಯೆಯ ತಂಡಗಳಾಗಿದ್ದು ಬೀಜ ಕಟ್ಟುವಾಗ ಸಮವಾಗಿ ಜೊತೆಗೂಡಿ ಪಾಲಾಗುವುವು. ಈ ತಳಿಯಲ್ಲಿ ಮೂರು ತಂಡಗಳಿರುವುದರಿಂದ ಸಮಪಾಲು ಆಗಲಾರದು. ಹೀಗಾಗಿ ಇದನ್ನು ಕಡ್ಡಿಯಿಂದಲೇ ಬೆಳೆಸಬೇಕು. ಕಡ್ಡಿಯಿಂದ ಬಂದ ಗಿಡಗಳೆಲ್ಲವೂ ಗುಣದಲ್ಲಿ ಒಂದೇ ಗಿಡವಿದ್ದಂತೆ. ಒಂದಕ್ಕೆ ತಾಳಲಾರದ ರೋಗವು ಎಲ್ಲಕ್ಕೂ ತಾಳಲಾರದ್ದೇ ಆಗುವುದು. ಸೊರಗು ರೋಗಕ್ಕೆ ಈ ತಳಿಯು ಬೇಗನೆ ಒಳಗಾಗುವುದು ಬೆಳೆಗಾರರ ಅನುಭವಕ್ಕೆ ಬಂದಿರುವ ಸಂಗತಿ. ದೆಹಲಿ ತಳಿಯ ಆಸೆಯಿಂದ ನಾಟಿ ತಳಿಯನ್ನು ಪೂರ್ತಿಯಾಗಿ ಕಿತ್ತುಹಾಕಿದ ಹಿತ್ತಲಿನಲ್ಲಿ ಒಂದು ಕೆಟ್ಟ ಮಳೆಗಾಲವು ಬಂದರೆ ಗಿಡವೂ ಉಳಿಯದು, ಬೀಜವೂ ಉಳಿಯದು.

ಜಾಲಹಳ್ಳಿಗೆ ಸಮೀಪದಲ್ಲಿರುವ ಹೆಸರಘಟ್ಟದಲ್ಲಿ 1967ರಲ್ಲಿ ಸ್ಥಾಪಿತವಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯು ಕನಕಾಂಬರದಲ್ಲಿ ಅರ್ಕ ಅಂಬರ, ಅರ್ಕ ಕನಕ, ಅರ್ಕ ಶ್ರೀಯ, ಅರ್ಕ ಶ್ರಾವ್ಯ, ಅರ್ಕ ಚೆನ್ನ ಮೊದಲಾದ ತಳಿಗಳನ್ನು ಹೊರತಂದಿದೆ. ಹೊಸದಾಗಿ ಮಡಿ ಮಾಡುವವರು ಅಲ್ಲಿ ವಿಚಾರಿಸಿ, ತಮ್ಮ ನೆಲಕ್ಕೆ ಯಾವುದು ಒಪ್ಪುವುದೆಂದು ತಿಳಿದು ತರುವುದು ಒಳ್ಳೆಯದು. ಹೊರದೇಶಗಳಲ್ಲಿಯೂ ಇದಕ್ಕೆ ಆದರವುಂಟು. ಚಳಿ ದೇಶಗಳಾದ ಯೂರೋಪಿನಲ್ಲಿ ಇದನ್ನು ಕುಂಡದಲ್ಲಿಟ್ಟು ಮನೆಯ ಒಳಗೆ ಬೆಳೆಸುವರು; ಸ್ವೀಡನ್ನಿನಲ್ಲಿ ಅದಕ್ಕೆ ತಕ್ಕ ಗಿಡ್ಡ ತಳಿಯನ್ನೇ ಆರಿಸಿ ತೆಗೆದಿದ್ದಾರೆ.

ಸ್ಥಳ ಮತ್ತು ಮಣ್ಣು

ಬೆಳಗಿನ ಬಿಸಿಲು ಚೆನ್ನಾಗಿ ಬಿದ್ದು ಮಧ್ಯಾಹ್ನದ ಮೇಲೆ ಸ್ವಲ್ಪ ನೆರಳು ಬರುವ ಸ್ಥಳವು ಹಿತ್ತಲಿನ ಕನಕಾಂಬರಕ್ಕೆ ಉತ್ತಮ. ದಟ್ಟ ನೆರಳಿನಲ್ಲಿ ಎಲೆಯು ಹೆಚ್ಚಿ ಹೂವು ಕಡಿಮೆಯಾಗುವುದು. ನೀರು ಬಸಿದುಹೋಗುವ ಕೆಂಪು ಗೋಡು ಮಣ್ಣು ಇದಕ್ಕೆ ಹಿತವಾದುದು. ಬೆಂಗಳೂರು ಸೀಮೆಯ ಸಹಜವಾದ ಮಣ್ಣು ಬಹುಮಟ್ಟಿಗೆ ಇದೇ ಜಾತಿಯದು.

ಎರಡು ಸ್ಥಳಗಳನ್ನು ಮಾತ್ರ ಅವಶ್ಯವಾಗಿ ಬಿಡತಕ್ಕದ್ದು. ಮೊದಲನೆಯದು ಬಚ್ಚಲು ನೀರು ಹರಿಯುವ ಜಾಗ. ನೀರು ವ್ಯರ್ಥವಾಗಬಾರದೆಂಬ ಸದುದ್ದೇಶದಿಂದ ಹೂಗಿಡಗಳನ್ನು ಬಚ್ಚಲ ಕಾಲುವೆಯ ಅಂಚಿನಲ್ಲಿ ನೆಡುವ ಪದ್ಧತಿಯು ಹಳ್ಳಿಗಳಲ್ಲಿ ಉಂಟು. ಬಾಳೆ, ಕೆಸವುಗಳಿಗೆ ಈ ತೇವವು ಒಪ್ಪುವುದು. ಕನಕಾಂಬರದ ಬೇರಿಗೆ ಅದು ಒಪ್ಪದು. ದಿನವೂ ನೆನೆದ ಮಣ್ಣಿನಲ್ಲಿ ಬೇರಿಗೆ ಗಾಳಿಯು ದೊರೆಯುವುದಿಲ್ಲ. ಸಾಬೂನಿನ ಕ್ಷಾರವು ಸೇರಿ ಮಣ್ಣು ಬಿಗಿಯಾಗುವುದು. ಬೇರನ್ನು ಕೊಳೆಯಿಸುವ ಶಿಲೀಂಧ್ರಗಳಿಗೆ ಅನುಕೂಲವಾಗುವುದು.

ಎರಡನೆಯದು ಮನೆ ಕಟ್ಟಿದಾಗ ಗಾರೆ, ಸಿಮೆಂಟು, ಇಟ್ಟಿಗೆ ಚೂರುಗಳನ್ನು ಸುರಿದು ತುಂಬಿದ ಜಾಗ. ಜಾಲಹಳ್ಳಿಯಂತಹ, ಬೇಗಬೇಗನೆ ಮನೆಗಳಾದ ಊರುಗಳಲ್ಲಿ ಮೇಲೆ ಕೆಂಪು ಮಣ್ಣು ಕಂಡರೂ ಅರ್ಧ ಅಡಿಯ ಕೆಳಗೆ ಇಂತಹ ಕಸವಿರುವುದುಂಟು. ಸುಣ್ಣದ ಅಂಶವು ಹೆಚ್ಚಾದ ಮಣ್ಣಿನಲ್ಲಿ ಕಬ್ಬಿಣದ ಸತ್ವವಿದ್ದರೂ ಗಿಡವು ಅದನ್ನು ಹೀರಲಾರದು. ಆಗ ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿಯುವುವು. ಇದನ್ನು ರೋಗವೆಂದು ಭ್ರಮಿಸಬಾರದು. ಒಂದು ಲೀಟರು ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ ಎಲೆಗಳ ಮೇಲೆ ಹದಿನೈದು ದಿನಗಳಿಗೊಮ್ಮೆ ಸಿಂಪಡಿಸಿದರೆ ಗುಣವಾಗುವುದು. ಆದರೆ ನಿಜವಾದ ಪರಿಹಾರವು ಆ ಕಸವನ್ನು ಅಗೆದು ತೆಗೆದು ಒಳ್ಳೆಯ ಮಣ್ಣನ್ನು ತುಂಬುವುದೇ ಆಗಿದೆ.

ಸ್ಥಳವು ಯೋಗ್ಯವೇ ಎಂದು ತಿಳಿಯಲು ಸುಲಭವಾದ ಪರೀಕ್ಷೆಯೊಂದುಂಟು. ಒಂದು ಅಡಿ ಆಳದ ಗುಂಡಿಯನ್ನು ತೆಗೆದು ನೀರು ತುಂಬಿ ಇಂಗಲು ಬಿಡತಕ್ಕದ್ದು. ಎರಡನೆಯ ಸಲ ತುಂಬಿದ ನೀರು ನಾಲ್ಕು ಗಂಟೆಗಳ ತರುವಾಯವೂ ನಿಂತಿದ್ದರೆ ಅಲ್ಲಿ ಏರುಮಡಿಯನ್ನು ಮಾಡದೆ ಕನಕಾಂಬರವನ್ನು ನೆಡಕೂಡದು.

ಏರುಮಡಿ

ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 38ರಿಂದ 40 ಅಂಗುಲ ಮಳೆಯಾಗುವುದು. ಅದರಲ್ಲಿ ಮೂರನೆಯ ಒಂದು ಪಾಲಿಗೂ ಹೆಚ್ಚಾದುದು ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ, ಅಂದರೆ ಉತ್ತರೆ, ಹಸ್ತ, ಚಿತ್ತೆಯ ಮಳೆಗಳಲ್ಲಿ ಬೀಳುವುದು. ಗಿಡಗಳು ಹೆಚ್ಚಾಗಿ ಸಾಯುವುದು ಈ ಕಾಲದಲ್ಲಿ. ಆದುದರಿಂದ ಮಡಿಯನ್ನು ಬೇಸಗೆಯ ನೀರಿನ ಅನುಕೂಲವನ್ನು ನೋಡಿ ಮಾಡುವುದಕ್ಕಿಂತ ಈ ಎರಡು ತಿಂಗಳ ಮಳೆಯನ್ನು ಮನಸ್ಸಿನಲ್ಲಿಟ್ಟು ಮಾಡುವುದು ವಿವೇಕ.

ಸಾಧಾರಣ ಸಂಸಾರಕ್ಕೆ 20 ಅಡಿ ಉದ್ದ, 4 ಅಡಿ ಅಗಲದ ಒಂದು ಮಡಿ ಸಾಕು. ನೆಲವನ್ನು ಒಂದು ಅಡಿ ಆಳ ಅಗೆದು, ಕಲ್ಲು ಬೇರುಗಳನ್ನು ಆರಿಸಿ, ಬೇಸಗೆಯಲ್ಲಿ ಕೆಲವು ವಾರ ಬಿಸಿಲಿಗೆ ಬಿಡತಕ್ಕದ್ದು. ಹಿಂದೆ ಕನಕಾಂಬರವು ಸತ್ತಿದ್ದ ಜಾಗವನ್ನೇ ಉಪಯೋಗಿಸಬೇಕಾಗಿ ಬಂದರೆ ಮಾರ್ಚಿಯಿಂದ ಮೇ ತಿಂಗಳೊಳಗಾಗಿ ಮಣ್ಣನ್ನು ನೆನೆಸಿ, ಪಾರದರ್ಶಕವಾದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಹೊದಿಸಿ, ಅಂಚುಗಳಿಗೆ ಮಣ್ಣು ಕೊಟ್ಟು, ನಾಲ್ಕರಿಂದ ಆರು ವಾರ ಹಾಗೆಯೇ ಬಿಡತಕ್ಕದ್ದು. ಹಾಳೆಯ ಕೆಳಗೆ ಸೂರ್ಯನ ಶಾಖವು ಕೂಡಿಕೊಂಡು ರೋಗದ ಬೀಜಗಳೂ ಹುಳುಗಳೂ ಬಹುಮಟ್ಟಿಗೆ ನಾಶವಾಗುವುವು. ಈ ವಿಧಾನವನ್ನು ಇಸ್ರೇಲ್ ದೇಶದ ವಿಜ್ಞಾನಿಗಳು 1976ರಲ್ಲಿ ಪ್ರಕಟಪಡಿಸಿದರು. ಬೆಂಗಳೂರು ಸೀಮೆಯ ಬೇಸಗೆಯ ಬಿಸಿಲು ಇದಕ್ಕೆ ತಕ್ಕುದಾಗಿದೆ.

ಆ ಮೇಲೆ ಮಡಿಯನ್ನು ಸುತ್ತಣ ನೆಲಕ್ಕಿಂತ 9 ಅಂಗುಲದಿಂದ ಒಂದು ಅಡಿಯವರೆಗೆ ಎತ್ತರಿಸಿ, ಸುತ್ತಲೂ ಬಸಿಗಾಲುವೆಯನ್ನು ತೆಗೆದು, ಮನೆಯ ಸೂರಿನ ನೀರು ಅದರ ಮೇಲೆ ಬೀಳದಂತೆ ನೋಡಿಕೊಳ್ಳತಕ್ಕದ್ದು.

ಗೊಬ್ಬರ

ಇಷ್ಟು ಮಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸುಮಾರು 20 ಕಿಲೋ ಬೇಕು. ನಾಟಿಗೆ ಹದಿನೈದು ದಿನ ಮುಂಚಿತವಾಗಿ ಈ ಗೊಬ್ಬರಕ್ಕೆ 2 ಕಿಲೋ ಬೇವಿನ ಹಿಂಡಿಯನ್ನೂ, 40 ಗ್ರಾಂ ಟ್ರೈಕೋಡರ್ಮಾ ಪುಡಿಯನ್ನೂ ಬೆರೆಸಿ, ನೀರು ಚಿಮುಕಿಸಿ, ನೆರಳಿನಲ್ಲಿ ರಾಶಿಮಾಡಿ ಗೋಣಿತಟ್ಟನ್ನು ಮುಚ್ಚಿಡತಕ್ಕದ್ದು. ಟ್ರೈಕೋಡರ್ಮಾ ಎಂಬುದು ಬೇರನ್ನು ಕೊಳೆಯಿಸುವ ಶಿಲೀಂಧ್ರಗಳನ್ನು ಅಡಗಿಸುವ ಉಪಕಾರಿ ಶಿಲೀಂಧ್ರ. ಗೊಬ್ಬರದಲ್ಲಿ ಅದು ವೃದ್ಧಿಹೊಂದಿ ಮಡಿಗೆ ಸೇರುವುದು. ಇದರೊಡನೆ ಬೂದಿಯನ್ನಾಗಲಿ ಶಿಲೀಂಧ್ರನಾಶಕ ಔಷಧಗಳನ್ನಾಗಲಿ ಬೆರೆಸಬಾರದು. ಹಸಿ ಸಗಣಿಯನ್ನು ಬುಡಕ್ಕೆ ಹಾಕುವುದು ಹಾನಿಕರ. ಗಿಡವು ನೆಲೆಗೊಂಡ ಮೇಲೆ ಎರಡು ಮೂರು ತಿಂಗಳಿಗೊಮ್ಮೆ ಪ್ರತಿ ಗಿಡಕ್ಕೂ ಎರಡು ಹಿಡಿ ಕಳಿತ ಗೊಬ್ಬರವನ್ನು ಕೊಟ್ಟು ಮಣ್ಣನ್ನು ಮೆಲ್ಲನೆ ಕೆದಕತಕ್ಕದ್ದು. ಆಳವಾಗಿ ಕೆದಕಿದರೆ ಬೇರಿಗೆ ಗಾಯವಾಗಿ ರೋಗಕ್ಕೆ ದಾರಿಯಾಗುವುದು.

ಬೀಜ, ಒಟ್ಲು ಮತ್ತು ಕಡ್ಡಿ

ಬೀಜವನ್ನು ಸಂಗ್ರಹಿಸಲು ಬೇಸಗೆಯ ದಿನಗಳು ಅನುಕೂಲ. ರೋಗವಿಲ್ಲದ, ಎರಡನೆಯ ಮಳೆಗಾಲವನ್ನು ದಾಟಿ ಬದುಕಿರುವ ಗಿಡವನ್ನೇ ಬೀಜಕ್ಕೆ ಆರಿಸತಕ್ಕದ್ದು. ಇದು ಮುಖ್ಯವಾದ ನಿಯಮ. ಹೂವು ಮುಗಿದ ತೆನೆಯು ಕಂದು ಬಣ್ಣಕ್ಕೆ ತಿರುಗಿದೊಡನೆ ಅದಕ್ಕೆ ತೆಳು ಬಟ್ಟೆಯ ಚೀಲವನ್ನು ಕಟ್ಟಿದರೆ ಸಿಡಿದ ಬೀಜಗಳು ನಷ್ಟವಾಗುವುದಿಲ್ಲ. ಅಥವಾ ಒಣ ಹವೆಯಲ್ಲಿ ತೆನೆಯನ್ನು ಕತ್ತರಿಸಿ ತಂದು, ಅಗಲವಾದ ಪಾತ್ರೆಯಲ್ಲಿಟ್ಟು, ನೀರು ಚಿಮುಕಿಸಿ ಬಟ್ಟೆಯನ್ನು ಮುಚ್ಚಿದರೆ ಕಾಯಿಗಳು ತಾವಾಗಿ ಒಡೆಯುವುವು. ಹೀಗೆ ತೆಗೆದ ಬೀಜವನ್ನು ಕೂಡಲೆ ಬಿತ್ತಬೇಕು. ಇಡುವುದಾದರೆ ನೆರಳಿನಲ್ಲಿ ಪೂರ್ತಿಯಾಗಿ ಒಣಗಿಸಬೇಕು.

ರೋಹಿಣಿ ಮಳೆಯ ಸುಮಾರಿನಲ್ಲಿ, ಅಂದರೆ ಮೇ ತಿಂಗಳ ಕೊನೆ ಅಥವಾ ಜೂನ್ ಮೊದಲಿನಲ್ಲಿ ಒಟ್ಲು ಬಿಡುವುದು ಒಳ್ಳೆಯದು. ಚಿಕ್ಕ ಏರುಮಡಿಯಲ್ಲಾಗಲಿ ಅಗಲ ಬಾಯಿಯ ಕುಂಡದಲ್ಲಾಗಲಿ ಮರಳು ಮತ್ತು ಜರಡಿ ಹಿಡಿದ ಗೊಬ್ಬರವನ್ನು ಸೇರಿಸಿ, ಬೀಜವನ್ನು ಸಾಲಾಗಿ ಬಿತ್ತಿ, ತೆಳುವಾಗಿ ಮಣ್ಣು ಮುಚ್ಚಿ, ರಾಗಿ ಹುಲ್ಲನ್ನು ಹರಡಿ ನೀರು ಚಿಮುಕಿಸುತ್ತಿರತಕ್ಕದ್ದು. ಎರಡು ಮೂರು ವಾರಗಳಲ್ಲಿ ಮೊಳಕೆಯು ಕಾಣುವುದು. ಆಗ ಹುಲ್ಲನ್ನು ತೆಗೆಯಬೇಕು. ಹಿಂದೆ ಕನಕಾಂಬರ, ಬದನೆ, ಟೊಮ್ಯಾಟೊ ಬೆಳೆದಿದ್ದ ಮಣ್ಣನ್ನು ಒಟ್ಲಿಗೆ ಉಪಯೋಗಿಸಬಾರದು. ಬೇರನ್ನು ಬಾಧಿಸುವ ಜಂತುಗಳು ಅದರಲ್ಲಿ ಉಳಿದಿರಬಹುದು.

ದೆಹಲಿ ಕನಕಾಂಬರವನ್ನು ಬೆಳೆಸುವವರು ಜೂನ್ ಜುಲೈ ತಿಂಗಳುಗಳಲ್ಲಿ ಆರೋಗ್ಯವಾದ ಗಿಡದ ತುದಿಯಿಂದ 3–4 ಅಂಗುಲದ ಕಡ್ಡಿಗಳನ್ನು ಕತ್ತರಿಸಿ, ಬುಡದ ಎಲೆಗಳನ್ನು ತೆಗೆದು, ಶುದ್ಧವಾದ ಮರಳಿನಲ್ಲಿ ನೆಟ್ಟು ನೆರಳಿನಲ್ಲಿಡತಕ್ಕದ್ದು. ಮೂರು ನಾಲ್ಕು ವಾರಗಳಲ್ಲಿ ಬೇರು ಬಿಡುವುದು. ನೆರೆಮನೆಯಿಂದ ಗಿಡವನ್ನು ತರುವುದಾದರೆ ಬೇರು ಮಣ್ಣು ಸಮೇತ ತರುವುದಕ್ಕಿಂತ ಕಡ್ಡಿಯನ್ನು ಮಾತ್ರ ತರುವುದು ಕ್ಷೇಮ. ಮಣ್ಣಿನೊಡನೆ ಬರುವ ರೋಗವು ಕಣ್ಣಿಗೆ ಕಾಣದು.

ನಾಟಿ ಮತ್ತು ನೀರು

ಸಸಿಗೆ ಸುಮಾರು 60 ದಿನಗಳಾದಾಗ, ಪುಷ್ಯ ಅಥವಾ ಆಶ್ಲೇಷೆಯ ಮಳೆಯಲ್ಲಿ, ಸಾಯಂಕಾಲದ ಹೊತ್ತು ನಾಟಿ ಮಾಡತಕ್ಕದ್ದು. ಆಗ ಉತ್ತರೆಯ ಜೋರು ಮಳೆಗೆ ಮುಂಚಿತವಾಗಿ ಬೇರು ನೆಲೆಗೊಳ್ಳಲು ಒಂದು ತಿಂಗಳಿಗೂ ಹೆಚ್ಚಾದ ಅವಧಿಯು ದೊರೆಯುವುದು. ನಾಟಿ ತಳಿಗೆ ಸಾಲಿನಿಂದ ಸಾಲಿಗೂ ಗಿಡದಿಂದ ಗಿಡಕ್ಕೂ 2 ಅಡಿ ಅಂತರವಿರಬೇಕು. ಮೇಲೆ ಹೇಳಿದ ಮಡಿಯಲ್ಲಿ ಎರಡು ಸಾಲಿಗೆ 20 ಗಿಡಗಳಾಗುವುವು. ದೆಹಲಿ ತಳಿಯನ್ನು ಸಾಲಿನಲ್ಲಿ ಒಂದೂಕಾಲು ಅಡಿಗೆ ಒಂದರಂತೆ ನೆಡಬಹುದು. ಹೆಚ್ಚು ಹೂವಿನ ಆಸೆಯಿಂದ ಒತ್ತಾಗಿ ನೆಟ್ಟರೆ ಬುಡದಲ್ಲಿ ತೇವವು ಆರದು, ಗಾಳಿಯಾಡದು.

ನೀರಿನ ವಿಷಯದಲ್ಲಿ ದಿನಗಳ ಲೆಕ್ಕಕ್ಕಿಂತ ಬೆರಳಿನ ಪರೀಕ್ಷೆಯು ಮೇಲು. ಮಣ್ಣಿನಲ್ಲಿ ಎರಡು ಅಂಗುಲ ಬೆರಳನ್ನಿಟ್ಟಾಗ ತೇವವು ತಗುಲಿದರೆ ಅಂದು ನೀರು ಕೊಡಬೇಕಾಗಿಲ್ಲ. ಬೇಸಗೆಯಲ್ಲಿ ಹೊಂಗೆ ಎಲೆಯನ್ನಾಗಲಿ ಒಣ ಹುಲ್ಲನ್ನಾಗಲಿ ಮಡಿಯ ಮೇಲೆ ಹರಡಿದರೆ ತೇವವು ಉಳಿಯುವುದು. ಹೊದಿಕೆಯು ಕಾಂಡಕ್ಕೆ ಒತ್ತದಂತೆ ನಾಲ್ಕು ಬೆರಳು ಜಾಗ ಬಿಡಬೇಕು. ನೀರನ್ನು ಬೆಳಿಗ್ಗೆ, ಬುಡದಿಂದ ಸ್ವಲ್ಪ ದೂರಕ್ಕೆ ಕೊಡುವುದು ಒಳ್ಳೆಯದು.

ಸೊರಗು ರೋಗ

ಕನಕಾಂಬರವನ್ನು ಕೊಲ್ಲುವ ರೋಗದಲ್ಲಿ ಸಾಮಾನ್ಯವಾಗಿ ಇಬ್ಬರು ಶತ್ರುಗಳು ಸೇರಿರುವರು. ಒಂದು, ಬರಿಗಣ್ಣಿಗೆ ಕಾಣದಷ್ಟು ಸಣ್ಣದಾದ ಜಂತುಹುಳು. ಇದರಲ್ಲಿ ಒಂದು ಜಾತಿಯು ಬೇರನ್ನು ಕೊರೆದು ಕಪ್ಪು ಗಾಯಗಳನ್ನು ಮಾಡುವುದು. ಮತ್ತೊಂದು ಜಾತಿಯು ಬೇರಿನಲ್ಲಿ ಗಂಟುಗಳನ್ನು ಎಬ್ಬಿಸುವುದು. ಎರಡನೆಯ ಶತ್ರು ಫ್ಯುಸೇರಿಯಂ ಎಂಬ ಶಿಲೀಂಧ್ರ. ಜಂತುಹುಳು ಮಾಡಿದ ಗಾಯದಿಂದ ಇದು ಬೇರಿನ ಒಳಹೊಕ್ಕು ನೀರು ಏರುವ ದಾರಿಯನ್ನು ಕೆಡಿಸುವುದು. ಆದುದರಿಂದ ಮಣ್ಣಿನಲ್ಲಿ ನೀರು ತುಂಬಿದ್ದರೂ ಎಲೆಗೆ ನೀರು ಮುಟ್ಟದು. ಗಿಡವು ಬಾಯಾರಿದಂತೆ ಜೋಲುವುದು. ಇದನ್ನು ಕಂಡು ಮತ್ತೆ ನೀರು ಸುರಿದರೆ ಶತ್ರುವಿಗೆ ಸಹಾಯ ಮಾಡಿದಂತಾಗುವುದು.

ಗಿಡವು ಜೋಲುವುದನ್ನು ಕಂಡೊಡನೆ ಮೊದಲು ಮಣ್ಣನ್ನು ಮುಟ್ಟಿ ನೋಡತಕ್ಕದ್ದು. ಮಣ್ಣು ಒಣಗಿದ್ದರೆ ನೀರು ಕೊಡಬೇಕು; ಸಂಜೆಯೊಳಗೆ ಗಿಡವು ಚೇತರಿಸುವುದು. ಮಣ್ಣು ತೇವವಾಗಿದ್ದೂ ಗಿಡವು ಜೋತಿದ್ದರೆ ರೋಗವೆಂದು ತಿಳಿದು ಆ ಗಿಡವನ್ನು ಬೇರು ಸಮೇತ ಕೀಳತಕ್ಕದ್ದು. ಬೇರು ಕಂದಾಗಿ ಅಥವಾ ಕಪ್ಪಾಗಿ, ಸಿಪ್ಪೆ ಕಳಚುವಂತಿದ್ದರೆ ಸಂದೇಹವೇ ಇಲ್ಲ. ಕಿತ್ತ ಗಿಡವನ್ನು ತಿಪ್ಪೆಗೆ ಹಾಕಕೂಡದು. ತಿಪ್ಪೆಯ ಗೊಬ್ಬರದೊಡನೆ ರೋಗವು ಇಡೀ ಹಿತ್ತಲಿಗೆ ಹರಡುವುದು. ಅದನ್ನು ಒಣಗಿಸಿ ಸುಟ್ಟು, ಆ ಗುಂಡಿಯ ಮಣ್ಣನ್ನು ತೆಗೆದು ದೂರ ಹಾಕಿ, ಉಪಯೋಗಿಸಿದ ಗುದ್ದಲಿಯನ್ನು ತೊಳೆದು ಬಿಸಿಲಿಗಿಡತಕ್ಕದ್ದು. ಒಂದು ಗಿಡದ ಮೇಲಿನ ಮೋಹದಿಂದ ತಡಮಾಡಿದರೆ ಉಳಿದ ಹತ್ತೊಂಬತ್ತು ಗಿಡಗಳಿಗೆ ಅಪಾಯ.

ಸಸ್ಯಹೇನು, ಬಿಳಿನೊಣ, ಹಿಟ್ಟು ತಿಗಣೆಗಳೂ ಈ ಗಿಡಕ್ಕೆ ಬರುವುದುಂಟು. ಹಿತ್ತಲಿನಲ್ಲಿ ಇವುಗಳಿಗೆ ಬೇವಿನ ಎಣ್ಣೆಯನ್ನು ಸ್ವಲ್ಪ ಸಾಬೂನು ನೀರಿನೊಡನೆ ಕದಡಿ ಎಲೆಯ ಕೆಳಮೈಗೆ ಸಿಂಪಡಿಸಿದರೆ ಸಾಕು. ಮುಡಿಯುವ ಹೂವಾದುದರಿಂದ ತೀಕ್ಷ್ಣ ವಿಷಗಳನ್ನು ಮನೆಯ ಹತ್ತಿರ ಉಪಯೋಗಿಸದಿರುವುದೇ ಲೇಸು.

ಚೆಂಡುಹೂವಿನ ಸರದಿ

ಜಂತುಹುಳುವಿಗೆ ಹಿತ್ತಲಿನಲ್ಲಿಯೇ ದೊರೆಯುವ ಪ್ರತೀಕಾರವು ಚೆಂಡುಹೂವು. ಇದರ ಬೇರಿನಲ್ಲಿರುವ ಒಂದು ವಸ್ತುವು ಜಂತುಹುಳುಗಳಿಗೆ ಮಾರಕವೆಂದು 1950ರಿಂದ 1960ರೊಳಗೆ ಹಾಲೆಂಡಿನ ವಿಜ್ಞಾನಿಗಳು ಕಂಡುಹಿಡಿದರು. ಆದುದರಿಂದ ಹಿತ್ತಲಿನಲ್ಲಿ ಒಂದೇ ಮಡಿಯ ಬದಲು ಎರಡು ಮಡಿಗಳನ್ನು ಇಟ್ಟುಕೊಳ್ಳುವುದು ಉತ್ತಮ. ಒಂದರಲ್ಲಿ ಕನಕಾಂಬರವಿರುವಾಗ ಮತ್ತೊಂದರಲ್ಲಿ ಚೆಂಡುಹೂವನ್ನು ಒತ್ತಾಗಿ ಬೆಳೆಯತಕ್ಕದ್ದು. ಕನಕಾಂಬರವು ಎರಡು ಮೂರು ವರ್ಷ ಹೂ ಕೊಟ್ಟು ಬಲಗುಂದಿದಾಗ ಹೊಸ ಸಸಿಗಳನ್ನು ಚೆಂಡುಹೂವಿದ್ದ ಮಡಿಯಲ್ಲಿ ನೆಟ್ಟು, ಹಳೆಯ ಮಡಿಗೆ ಚೆಂಡುಹೂವನ್ನು ತರಬೇಕು. ಎರಡನೆಯ ಮಡಿಗೆ ಸ್ಥಳವಿಲ್ಲದವರು ಕನಕಾಂಬರದ ಸಾಲುಗಳ ನಡುವೆಯಾದರೂ ಚೆಂಡುಹೂವನ್ನು ನೆಡಬಹುದು. ರಾಗಿಯ ಹೊಲದಲ್ಲಿ ಬೆಳೆ ಬದಲಾಯಿಸುವುದರ ಪ್ರಯೋಜನವನ್ನು ತಿಳಿದಿರುವ ಬೇಸಾಯಗಾರನಿಗೆ ಹಿತ್ತಲಿನಲ್ಲಿಯೂ ಅದೇ ಧರ್ಮವು ನಡೆಯುವುದೆಂದು ವಿವರಿಸಬೇಕಾಗಿಲ್ಲ.

ಹೂವಿನ ಕೊಯ್ಲು ಮತ್ತು ಆದಾಯ

ನಾಟಿಯಾದ ಎರಡು ಮೂರು ತಿಂಗಳಿಗೆ ಹೂವು ಮೊದಲಾಗುವುದು. ಹೂವು ಗಿಡದ ಮೇಲೆ ಬಾಡದೆ ನಿಲ್ಲುವುದರಿಂದ ದಿನ ಬಿಟ್ಟು ದಿನ ಮುಂಜಾನೆ ಕೊಯ್ದರೆ ಸಾಕು. ಹೂವು ಮುಗಿದ ತೆನೆಗಳನ್ನು, ಬೀಜಕ್ಕೆ ಬಿಟ್ಟವುಗಳ ಹೊರತು, ಆಗಾಗ್ಗೆ ಕತ್ತರಿಸುತ್ತಿದ್ದರೆ ಹೊಸ ಚಿಗುರು ಒಡೆದು ತೆನೆಗಳು ಹೆಚ್ಚುವುವು.

ನಾಟಿ ತಳಿಯಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 2 ಟನ್ ಹೂವು ಬರುವುದೆಂದು ಅಂದಾಜು. ಅಂದರೆ ಗುಂಟೆಗೆ ಸುಮಾರು 20 ಕಿಲೋ. ಮೇಲಿನ ಮಡಿಗೆ ಸುಮಾರು ಒಂದೂವರೆ ಕಿಲೋ. ಈ ತೂಕವನ್ನು ಕಂಡು ನಗಬಾರದು. ಒಂದು ಹೂವಿನ ತೂಕವು ಒಂದು ಗ್ರಾಮಿನ ಹತ್ತನೆಯ ಒಂದು ಪಾಲಿಗೂ ಕಡಿಮೆ. ಆದುದರಿಂದ ಒಂದೂವರೆ ಕಿಲೋ ಎಂದರೆ 15,000ಕ್ಕೂ ಮೇಲ್ಪಟ್ಟ ಹೂಗಳು. ವರ್ಷದಲ್ಲಿ 180 ಕೊಯ್ಲುಗಳೆಂದು ಹಿಡಿದರೂ ಕೊಯ್ಲಿಗೆ 80ಕ್ಕೆ ಕಡಿಮೆಯಿಲ್ಲ. ಮನೆಯವರು ಮುಡಿಯಲು, ದೇವರಿಗೆ ಏರಿಸಲು ಇಷ್ಟು ಸಾಕಾಗುವುದು. ಅಂಗಡಿಯಲ್ಲಿ ಮೊಳ ಹಾಕಿ ಕೊಳ್ಳುವ ಹೂವಿನ ಬೆಲೆಯು ಹಬ್ಬದ ದಿನಗಳಲ್ಲಿ ಎಷ್ಟಾಗುವುದೆಂಬುದನ್ನು ಮನೆಯ ಖರ್ಚನ್ನು ನಡೆಸುವ ಸ್ತ್ರೀಯರು ಚೆನ್ನಾಗಿ ಬಲ್ಲರು. ಮಾರಾಟಕ್ಕಾಗಿ ಬೆಳೆಯುವವರು ಮಾತ್ರ ಒಂದು ವಿಷಯವನ್ನು ಮೊದಲೇ ಯೋಚಿಸತಕ್ಕದ್ದು. ಇಷ್ಟು ಹಗುರವಾದ ಹೂವನ್ನು ಬಿಡಿಬಿಡಿಯಾಗಿ ಕೊಯ್ಯುವ ಕೆಲಸಕ್ಕೆ ಬಹಳ ಕೈಗಳು ಬೇಕು. ಕೊಯ್ಯುವ ಜನವಿಲ್ಲದೆ ಗುಂಟೆಗಟ್ಟಲೆ ನೆಟ್ಟರೆ ಲಾಭವು ಗಿಡದ ಮೇಲೆಯೇ ಉದುರಿಹೋಗುವುದು.

ಗ್ರಾಮದ ಹಿರಿಯರು ಮಾಡಬಹುದಾದುದು

ಹೂವಿನ ಗಿಡದ ವಿಷಯವು ಹೆಂಗಸರು ಮಕ್ಕಳ ವಿನೋದವೆಂದು ಗ್ರಾಮದ ಮುಖಂಡರೂ ಜಮೀನುದಾರರೂ ಉಪೇಕ್ಷಿಸಬಾರದು. ಕನಕಾಂಬರದ ರೋಗವು ಮನೆಯಿಂದ ಮನೆಗೆ ಹರಡುವುದು ಸ್ನೇಹದ ಮೂಲಕವೇ. ಒಬ್ಬರು ಪ್ರೀತಿಯಿಂದ ಕೊಟ್ಟ ಗಿಡದ ಬುಡದ ಮಣ್ಣಿನಲ್ಲಿ ಅದು ಸಂಚರಿಸುವುದು. ಆದುದರಿಂದ ಒಬ್ಬರ ಹಿತ್ತಲು ಶುದ್ಧವಾಗಿದ್ದರೆ ಸಾಲದು, ಕೇರಿಯೇ ಎಚ್ಚರದಿಂದಿರಬೇಕು.

ಸ್ಥಳಾನುಕೂಲವುಳ್ಳ ಜಮೀನುದಾರರು ತಮ್ಮ ತೋಟದಲ್ಲಿ ಹೊಸ ಮಣ್ಣಿನ ಒಂದು ಏರುಮಡಿಯನ್ನು ಮಾಡಿ, ಹತ್ತಿಪ್ಪತ್ತು ನಾಟಿ ಕನಕಾಂಬರದ ತಾಯಿ ಗಿಡಗಳನ್ನು ಬೀಜಕ್ಕಾಗಿಯೇ ಇಟ್ಟುಕೊಳ್ಳಬಹುದು. ಅವುಗಳ ಹೂವನ್ನು ಪೂರ್ತಿಯಾಗಿ ಕೊಯ್ಯದೆ ಕೆಲವು ತೆನೆಗಳನ್ನು ಬಲಿಯಲು ಬಿಡಬೇಕು. ಬೇಸಗೆಯಲ್ಲಿ ಸಂಗ್ರಹಿಸಿದ ಬೀಜವನ್ನು ರೋಹಿಣಿ ಮಳೆಗೆ ಮುಂಚಿತವಾಗಿ ಊರಿನ ಮನೆಗಳಿಗೂ ಪಾಠಶಾಲೆಯ ತೋಟಕ್ಕೂ ಹಂಚಿದರೆ, ಗಿಡವನ್ನು ಕೊಟ್ಟ ಪುಣ್ಯವೂ ಬರುವುದು, ರೋಗವನ್ನು ಕೊಟ್ಟ ದೋಷವೂ ತಪ್ಪುವುದು. ಮಣ್ಣಿನ ಗುಣವನ್ನು ತಿಳಿಯಬೇಕಾದವರು ಹೆಬ್ಬಾಳದ ಆಚೆ ಗಾಂಧಿ ಕೃಷಿ ವಿಜ್ಞಾನ ಕೇಂದ್ರದ ಆವರಣದಲ್ಲಿರುವ ಕೃಷಿ ವಿಶ್ವವಿದ್ಯಾನಿಲಯದಲ್ಲಿ ವಿಚಾರಿಸಬಹುದು.

ಸಾರಾಂಶವಿಷ್ಟು. ಮಡಿಯು ಎತ್ತರವಾಗಿರಲಿ, ಬಚ್ಚಲು ನೀರು ದೂರವಿರಲಿ, ತೇವದಲ್ಲಿ ಜೋತ ಗಿಡವನ್ನು ಆ ದಿನವೇ ಕಿತ್ತು ಸುಡುವುದಾಗಲಿ, ಸತ್ತ ಜಾಗದಲ್ಲಿ ಚೆಂಡುಹೂವು ಬೆಳೆಯಲಿ, ದೆಹಲಿ ತಳಿಯನ್ನು ನೆಟ್ಟವರ ಹಿತ್ತಲಿನಲ್ಲಿಯೂ ನಾಲ್ಕು ನಾಟಿ ಗಿಡಗಳು ಬೀಜಕ್ಕೆ ನಿಂತಿರಲಿ. ಈ ಐದನ್ನು ನಡೆಸಿದ ಮನೆಯಲ್ಲಿ, ಕನಕಾಂಬರವು ಈ ಮನೆಗೆ ಬಾರದು ಎಂಬ ಮಾತು ಮುಂದೆ ಕೇಳಿಬರಲಾರದು.